ಜಪಾನಿನಲ್ಲಿ ಊಟ, ಉಪಚಾರ

ಪರದೇಶಕ್ಕೆ ಹೋಗುವ ನಮ್ಮವರಲ್ಲಿ ಎರಡು ಬಗೆಯವರುಂಟು. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿಗಳ ಗಂಟನ್ನು ಕಟ್ಟಿಕೊಂಡು ಹೋಗಿ, ಅದನ್ನೇ ಉಂಡು ಹಿಂದಿರುಗುವವರು ಒಂದು ಬಗೆ; ಮುಂದೆ ಬಂದುದನ್ನೆಲ್ಲ ಏನೆಂದು ವಿಚಾರಿಸದೆ ತಿಂದು ಮರೆಯುವವರು ಇನ್ನೊಂದು ಬಗೆ. ತಮ್ಮ ನಿಯಮವನ್ನು ಬಿಡದೆ, ಅಲ್ಲಿಯವರ ಮನಸ್ಸನ್ನೂ ನೋಯಿಸದೆ, ಆ ನಾಡಿನ ರುಚಿಯನ್ನು ಅರಿಯುವುದು ಸಾಧ್ಯವೆ? ಜಪಾನನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಮಾಡೋಣ.

ಜಪಾನೀಯರ ಸಾಂಪ್ರದಾಯಿಕ ಊಟವು ಸರಳವಾದುದು: ಅನ್ನ, ಒಂದು ಸಾರು, ಮೂರು ವ್ಯಂಜನ, ಜೊತೆಗೆ ಉಪ್ಪಿನಲ್ಲಿ ಹಾಕಿದ ತರಕಾರಿ. ಅವರ ಆಹಾರಸಂಪ್ರದಾಯವನ್ನು ಯುನೆಸ್ಕೋ ಸಂಸ್ಥೆಯು ೨೦೧೩ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಊಟಕ್ಕೆ ಮೊದಲು ಅವರು ಕೈಜೋಡಿಸಿ 'ಇತದಕಿಮಸು' ಎನ್ನುವರು. 'ವಿನಯದಿಂದ ಸ್ವೀಕರಿಸುತ್ತೇನೆ' ಎಂದು ಅದರ ಭಾವ. ಉಂಡ ಬಳಿಕ 'ಗೊಚಿಸೋಸಮ' ಎನ್ನುವರು. ಆ ಪದದ ಮೂಲದಲ್ಲಿ ಓಡಾಟವೆಂಬ ಅರ್ಥವಿದೆ. ಅತಿಥಿಗಾಗಿ ಓಡಾಡಿ ಪದಾರ್ಥಗಳನ್ನು ಕೂಡಿಸಿದವರಿಗೆ ಸಲ್ಲಿಸುವ ಕೃತಜ್ಞತೆಯದು.

ಉಣ್ಣುವ ಕಡ್ಡಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅವನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸಬಾರದು. ಮೃತರಿಗೆ ಅನ್ನವಿಡುವ ಕ್ರಮವದು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತನ್ನು ದಾಟಿಸಲೂಬಾರದು. ದಹನವಾದ ಮೇಲೆ ಬಂಧುಗಳು ಅಸ್ಥಿಯನ್ನು ಎತ್ತುವ ರೀತಿಯನ್ನು ಅದು ನೆನಪಿಗೆ ತರುತ್ತದೆ. ಶುಭಕ್ಕೂ ಅಪರಕ್ಕೂ ಬೇರೆ ಬೇರೆ ವಿಧಿಗಳನ್ನಿಟ್ಟುಕೊಂಡಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಾರಿನ ಬಟ್ಟಲನ್ನು ತುಟಿಗೆತ್ತಿ ಕುಡಿಯುವುದೂ, ಶಾವಿಗೆಯನ್ನು ಸದ್ದಾಗುವಂತೆ ಹೀರುವುದೂ ಅಲ್ಲಿ ಅಸಭ್ಯವಲ್ಲ.

ಸಸ್ಯಾಹಾರಿಗಳಿಗೆ 'ಮಾಂಸ ಬೇಡ' ಎಂದರೆ ಸಾಲದು. ಬರಿಯ ಸೊಪ್ಪಿನ ಪಲ್ಯದಲ್ಲಿಯೂ 'ದಾಶಿ' ಎಂಬ ತಿಳಿಯಾದ ರಸ ಸೇರಿರಬಹುದು. 'ಕೊಂಬು' ಎಂಬ ಕಡಲಪಾಚಿಯಿಂದಲೂ ಒಣಮೀನಿನ ತೆಳ್ಳನೆಯ ಎಸಳುಗಳಿಂದಲೂ ಅದನ್ನು ತೆಗೆಯುವುದು ವಾಡಿಕೆ. ಹಾಗೆಂದು ನಿರಾಶರಾಗಬೇಕಾಗಿಲ್ಲ. ಪಾಚಿಯೊಂದೇ ರುಚಿ ಕೊಡಬಲ್ಲದು. ಅದರಲ್ಲಿರುವ ಗ್ಲುಟಮೇಟೇ ಆ ರುಚಿಗೆ ಕಾರಣವೆಂದು ೧೯೦೮ರಲ್ಲಿ ಕಂಡುಹಿಡಿದ ಇಕೆದಾ ಎಂಬ ರಸಾಯನಶಾಸ್ತ್ರಜ್ಞರು ಅದನ್ನು 'ಉಮಾಮಿ' ಎಂದು ಕರೆದರು.

ಬೌದ್ಧ ಮಠಗಳಿಗೆ ಈ ಗುಟ್ಟು ಅದಕ್ಕೂ ಬಹಳ ಹಿಂದೆಯೇ ಅನುಭವದಿಂದ ತಿಳಿದಿದ್ದಿತು. 'ಶೋಜಿನ್' ಎಂಬ ಅವರ ಅಡಿಗೆಯಲ್ಲಿ ಮೀನು ಮಾಂಸಗಳಿಲ್ಲ. ನಮ್ಮ ಮಡಿಯಡಿಗೆಯಂತೆ ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಪಾಚಿ, ಒಣ ಅಣಬೆಗಳಿಂದಲೇ ದಾಶಿಯನ್ನು ತೆಗೆಯುತ್ತಾರೆ. ಝೆನ್ ಗುರು ದೋಗೆನ್ ೧೨೩೭ರಲ್ಲಿ ಮಠದ ಅಡಿಗೆಯವನ ಕರ್ತವ್ಯವನ್ನು ಕುರಿತೇ ಒಂದು ಗ್ರಂಥವನ್ನು ಬರೆದನು. ನಮ್ಮ 'ಧ್ಯಾನ' ಶಬ್ದವೇ ಚೀನದ ಮೂಲಕ ಹೋಗಿ 'ಝೆನ್' ಆಯಿತೆಂಬುದನ್ನು ನೆನೆದರೆ ಆ ಪಂಕ್ತಿ ನಮಗೆ ಪರಕೀಯವೆನಿಸದು. ಕೋಯಾ ಪರ್ವತದ ಮಠಗಳಲ್ಲಿ ಯಾತ್ರಿಕರಿಗೆ ಇಂಥ ಊಟವೂ ವಸತಿಯೂ ದೊರೆಯುತ್ತವೆ. ಎಳ್ಳನ್ನು ನುಣ್ಣಗೆ ಅರೆದು, ಪಿಷ್ಟದೊಡನೆ ಕಾಸಿ, ಗಟ್ಟಿಮಾಡಿದ 'ಗೊಮದೋಫು' ಅಲ್ಲಿನ ಪ್ರಸಿದ್ಧ ಭಕ್ಷ್ಯ.

ಆದ್ದರಿಂದ ಹೋಗುವವರು ತಮ್ಮ ನಿಯಮವನ್ನು ಮುಂಚಿತವಾಗಿಯೇ, ಮೀನಿನ ರಸವೂ ಸಲ್ಲದೆಂದು ಸ್ಪಷ್ಟವಾಗಿ ತಿಳಿಸಬೇಕು. ಬಡಿಸಿದ ಮೇಲೆ ಬೇಡವೆಂದರೆ ಓಡಾಡಿದವರ ಶ್ರಮ ವ್ಯರ್ಥವಾಗುತ್ತದೆ. ಮೊದಲೇ ತಿಳಿಸಿದರೆ ಆ ಓಡಾಟಕ್ಕೆ ನಾವು ಮನಃಪೂರ್ವಕವಾಗಿ 'ಗೊಚಿಸೋಸಮ' ಎಂದು ಹೇಳಿ ಏಳಬಹುದು.