ಬತ್ತಿದ ಕೆರೆಯ ತಾವರೆ

2023ರ ಮುಂಗಾರು ನಮ್ಮ ನಾಡಿಗೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಮರುವರ್ಷದ ಬೇಸಗೆಯಲ್ಲಿ ನಾವು ನಂಜನಗೂಡು ತಾಲ್ಲೂಕಿನ ಬಿಳಿಗೆರೆಯ ಕಡೆಗೆ ಹೋದಾಗ, ಆ ಸೀಮೆಯ ಚಿಕ್ಕ ಕೆರೆಯೊಂದರ ಅಂಗಳದಲ್ಲಿ ದನಗಳು ಓಡಾಡುತ್ತಿದ್ದುವು. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವ ಊರಿನ ನೆರೆಯಲ್ಲಿ ನೆಲ ಹೀಗೆ ಬಿರುಕುಬಿಟ್ಟುದನ್ನು ಕಂಡು ಕಳವಳವಾಯಿತು. ಒಂದು ಮಗ್ಗುಲಲ್ಲಿ ಯಂತ್ರವು ಹೂಳೆತ್ತುತ್ತಿತ್ತು. ರೈತರು ಅದನ್ನು ಹೊಲಗಳಿಗೆ ಸಾಗಿಸುತ್ತಿದ್ದರು. ಹಿಂದೆ ಇಲ್ಲಿ ಹರಡಿಕೊಂಡಿದ್ದ ತಾವರೆಯ ಕಥೆ ಮುಗಿಯಿತೆಂದೇ ನಾವು ಬಗೆದೆವು. ಅಲ್ಲಿ ನಿಂತಿದ್ದ ವೃದ್ಧರೊಬ್ಬರು ಒಪ್ಪಲಿಲ್ಲ. “ಗೆಡ್ಡೆ ಒಳಗೇ ಅದೆ ಸ್ವಾಮಿ, ನೀರು ಬರ್ಲಿ” ಎಂದರು.

ಆ ವರ್ಷ ಮಳೆ ಚೆನ್ನಾಗಿ ಬಂದಿತು. ಕೆರೆಗೆ ನೀರು ಬಂದಮೇಲೆ ನಾವು ಮತ್ತೆ ಹೋದೆವು. ನೀರಿನ ಮೇಲೆ ದುಂಡಗಿನ ಎಲೆಗಳು ಚದುರಿದಂತಿರಲಿಲ್ಲ. ಗೆರೆ ಎಳೆದಂತೆ ಸಾಲಾಗಿ ತೇಲುತ್ತಿದ್ದುವು! ಈ ಸಾಲೇ ಮುದುಕರ ಮಾತಿಗೆ ಸಾಕ್ಷಿ. ನಾವು ಗೆಡ್ಡೆಯೆಂದು ಕರೆಯುವುದು ನಿಜವಾಗಿ ಕೆಸರಿನೊಳಗೆ ಅಡ್ಡಲಾಗಿ ಹರಿಯುವ ಕಾಂಡ. ಅದರ ಒಂದೊಂದು ಗಿಣ್ಣಿನಿಂದಲೂ ಒಂದೊಂದು ಎಲೆ ಮೇಲಕ್ಕೇಳುತ್ತದೆ. ಮೇಲಣ ಮಣ್ಣು ಒಣಗಿದರೂ ಆಳದ ಕೆಸರಿನಲ್ಲಿ ತೇವವಿದ್ದರೆ, ಕೂಡಿಟ್ಟ ಪಿಷ್ಟದ ಬಲದಿಂದ ಅದು ಜೀವ ಹಿಡಿದಿರಬಲ್ಲುದು. ಕೆಸರಿನಲ್ಲಿ ಆಮ್ಲಜನಕದ ಅಭಾವವಷ್ಟೆ? ಅದಕ್ಕಾಗಿ ಎಲೆಯಿಂದ ಗೆಡ್ಡೆಯವರೆಗೆ ಗಾಳಿಯ ಕೊಳವೆಗಳಿವೆ. ತಾವರೆಯ ದಂಟನ್ನು ಅಡ್ಡ ಕೊಯ್ದು ನೋಡಿದರೆ ಆ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ. ಯಂತ್ರ ಅಗೆದಿದ್ದ ಮಗ್ಗುಲಲ್ಲಿ ಮಾತ್ರ ಒಂದು ಎಲೆಯೂ ಇರಲಿಲ್ಲ.

ಕೆಲವು ವಾರಗಳಲ್ಲಿ ಎಲೆಗಳು ನೀರಿನಿಂದ ಮೇಲೆದ್ದುವು, ಆಮೇಲೆ ಹೂವು. ಬೆಳಗಿನ ಚಳಿಯಲ್ಲಿ ಏರಿಯ ಮೇಲೆ ನಿಂತು ಅದನ್ನು ನೋಡುವಾಗ ಅದು ತಣ್ಣಗಿರುವುದೆಂದು ಯಾರಾದರೂ ಭಾವಿಸುವರು. ಹಾಗಿಲ್ಲ. ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ರೋಜರ್ ಸೇಮೂರ್ ಮತ್ತು ಅವರ ಸಹೋದ್ಯೋಗಿ ಅಳೆದು, 1996ರಲ್ಲಿ ಪ್ರಕಟಿಸಿದ ಪ್ರಕಾರ, ಸುತ್ತಲಿನ ಗಾಳಿಯ ಉಷ್ಣತೆ 10ರಿಂದ 30 ಡಿಗ್ರಿ ಸೆಂಟಿಗ್ರೇಡಿನ ನಡುವೆ ಏರಿಳಿಯುತ್ತಿದ್ದರೂ ತಾವರೆ ತನ್ನ ಒಳಗನ್ನು 30ರಿಂದ 36 ಡಿಗ್ರಿಯಲ್ಲಿ ಕಾಪಾಡಿಕೊಳ್ಳುತ್ತದೆ; ಅದೂ ಎರಡರಿಂದ ನಾಲ್ಕು ದಿನ. ಪ್ರಾಣಿಯ ಮೈಯಂತೆ! ಈ ಬಿಸುಪು ಪರಿಮಳವನ್ನು ಹರಡಲು, ಬಂದ ಕೀಟಕ್ಕೆ ಬೆಚ್ಚನೆಯ ತಾವು ಕೊಡಲು ನೆರವಾಗುವುದೆಂದು ಶಾಸ್ತ್ರಜ್ಞರ ಊಹೆ.

ಗೆಡ್ಡೆಯೂ ಸತ್ತರೆ? ಆಗ ಉಳಿಯುವುದು ಬೀಜ. ಗೆಡ್ಡೆಯ ತಾಳ್ಮೆ ಇದರ ಮುಂದೆ ಏನೇನೂ ಅಲ್ಲ. 1951ರಲ್ಲಿ ಜಪಾನಿನ ಚಿಬ ಪ್ರಾಂತದಲ್ಲಿ ಸಸ್ಯಶಾಸ್ತ್ರಜ್ಞ ಇಚಿರೊ ಓಗ ಅವರಿಗೆ ನೆಲದಾಳದಲ್ಲಿ ಮೂರು ತಾವರೆ ಬೀಜಗಳು ದೊರೆತುವು. ಅವುಗಳಲ್ಲೊಂದರಿಂದ ಬೆಳೆದ ಗಿಡ 1952ರ ಜುಲೈ 18ರಂದು ಹೂ ಬಿಟ್ಟಿತು. ಬೀಜದ ವಯಸ್ಸು ಎರಡು ಸಾವಿರ ವರ್ಷವೆಂದು ಹೇಳುವುದುಂಟು. ಆದರೆ ಅದು ಬೀಜವನ್ನೇ ಪರೀಕ್ಷಿಸಿ ತಿಳಿದುದಲ್ಲ, ಅಲ್ಲಿ ಸಿಕ್ಕಿದ ಹಳೆಯ ದೋಣಿಯ ಮರದಿಂದ ಕಟ್ಟಿದ ಅಂದಾಜು. ನಮಗೆ ಹೆಚ್ಚು ನೆಚ್ಚಿಕೆಯಾದುದು 1995ರ ವರದಿ. ಈಶಾನ್ಯ ಚೀನದ ಬತ್ತಿದ ಸರೋವರವೊಂದರ ಬೀಜವನ್ನು ಜೇನ್ ಶೆನ್-ಮಿಲ್ಲರ್ ಮೊಳೆಯಿಸಿದರು. ವಿಕಿರಣಶೀಲ ಇಂಗಾಲದಿಂದ ಅದೇ ಬೀಜದ ವಯಸ್ಸನ್ನು ಗಣಿಸಿದಾಗ ಸುಮಾರು 1,300 ವರ್ಷವಾಯಿತು. ಹೆಚ್ಚುಕಡಿಮೆಯ ಅವಕಾಶ 270 ವರ್ಷ.

ಇದರ ಗುಟ್ಟು ಬಹುಮಟ್ಟಿಗೆ ಹೊರಗವಚದಲ್ಲಿದೆ. ಅದು ನೀರನ್ನೂ ಗಾಳಿಯನ್ನೂ ಒಳಗೆ ಬಿಡದಷ್ಟು ಗಟ್ಟಿ. ಬಲಿತ ಬೀಜ ಸಿಕ್ಕಿದರೆ ವಿದ್ಯಾರ್ಥಿಗಳು ಎರಡನ್ನು ನೀರಿಗೆ ಹಾಕಿ ನೋಡಲಿ: ಒಂದನ್ನು ಹಾಗೆಯೇ, ಇನ್ನೊಂದರ ಸಿಪ್ಪೆಯನ್ನು ಒಂದೆಡೆ ಒಳಗಿನ ಬಿಳುಪು ಕಾಣುವಷ್ಟು ಅರದಿಂದ ಉಜ್ಜಿ. ಉಜ್ಜಿದ್ದು ಕೆಲವೇ ದಿನಗಳಲ್ಲಿ ಹಸುರು ಮೊಳಕೆ ಚಾಚುವುದು. ಮತ್ತೊಂದು ಕಲ್ಲಿನಂತೆ ಕುಳಿತೇ ಇರುವುದು. ದಿನವೂ ನೀರು ಬದಲಿಸುವುದನ್ನು ಮರೆಯಬಾರದು.

ಕೊನೆಯ ಸಲ ನಾವು ಹೋದಾಗ ದಳಗಳು ಉದುರಿದ್ದುವು. ಹುಡುಗರು ಎಳೆಯ ಕಾಯಿಗಳನ್ನು ಮುರಿದು ಬೀಜ ಸುಲಿದು ತಿನ್ನುತ್ತಿದ್ದರು. ಒಣಗಿದ ಬೋಗುಣಿಯೊಂದು ದಂಟಿನಿಂದ ಕಳಚಿ, ಮುಖ ಕೆಳಗಾಗಿ, ಯಂತ್ರ ಅಗೆದ ಗುಂಡಿಯ ಕಡೆಗೆ ತೇಲಿಹೋಗುತ್ತಿತ್ತು.