ಔಷಧ ಹೊಡೆಯುವ ಪಂಪಿನ ಬ್ಯಾಟರಿ

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ರೈತ ಬಾಂಧವರಲ್ಲಿ ಅನೇಕರು ಗೋವಿನಜೋಳಕ್ಕೂ ಹತ್ತಿಗೂ ಬೆನ್ನಿಗೆ ಹಾಕುವ ಬ್ಯಾಟರಿ ಪಂಪಿನಿಂದಲೇ ಔಷಧ ಹೊಡೆಯುತ್ತಾರೆ. ಹಂಗಾಮು ಮುಗಿದೊಡನೆ ಪಂಪು ಅಟ್ಟ ಸೇರುತ್ತದೆ. ಮುಂದಿನ ಮುಂಗಾರಿಗೆ ಇಳಿಸಿದರೆ ಚಾರ್ಜು ಹಿಡಿಯುವುದಿಲ್ಲ, ಬೈಗುಳ ಅಂಗಡಿಯವನಿಗೆ! ಬಹುಮಟ್ಟಿಗೆ ಬ್ಯಾಟರಿ ಕೆಟ್ಟದ್ದು ಅಟ್ಟದ ಮೇಲೆಯೇ.

ಹೆಚ್ಚಿನ ಪಂಪುಗಳಲ್ಲಿರುವುದು 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ. ಚಾರ್ಜು ಇಳಿದಂತೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟು ಕೂಡುತ್ತದೆ. ಬೇಗನೆ ಚಾರ್ಜು ಮಾಡಿದರೆ ಅದು ಬಿಟ್ಟುಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಹರಳುಗಟ್ಟಿ ಯಾವ ಚಾರ್ಜರಿಗೂ ಬಗ್ಗದು. ಆದುದರಿಂದ ಎರಡೇ ಟ್ಯಾಂಕು ಹೊಡೆದಿದ್ದರೂ ಹೊಲದಿಂದ ಬಂದ ದಿನವೇ ಪೂರ್ತಿ ಚಾರ್ಜು ಮಾಡಿರಿ. ಬರಿದಾದ 8 ಆಂಪಿಯರ್-ಗಂಟೆಯ ಬ್ಯಾಟರಿಗೆ 1 ಆಂಪಿಯರಿನ ಚಾರ್ಜರಿನಿಂದ 8 ಗಂಟೆಗೂ ಹೆಚ್ಚು ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಬಂದ ಮೇಲೆ ಮುಂದುವರಿಸಿರಿ. ಔಷಧದ ಸಿಂಪಡಣೆ ಸೊರಗಿತೆಂದರೆ ಅಲ್ಲಿಗೇ ನಿಲ್ಲಿಸಬೇಕು. ಉಳಿದ ಸಾಲನ್ನು ಮುಗಿಸುವ ಹಟ ಬೇಡ.

ಕೆಲಸವಿಲ್ಲದ ಕಾಲದಲ್ಲಿ ತಿಂಗಳಿಗೊಮ್ಮೆ ಚಾರ್ಜು ಮಾಡಿ, ತಂಪಾದ ಜಾಗದಲ್ಲಿಡಿ. ತಗಡಿನ ಕೆಳಗಿನ ಬಿಸಿ ಅದಕ್ಕಾಗದು. ಚಾರ್ಜಿಗೆ ಇಟ್ಟಾಗ ಹೊತ್ತಿಕೊಳ್ಳುವ ಅನಿಲ ಹೊರಬರಬಹುದು, ಒಲೆಯ ಬಳಿ ಬೇಡ. ಲಿಥಿಯಂ ಬ್ಯಾಟರಿಯ ಪಂಪಿದ್ದವರು ಅದರ ಚಾರ್ಜರನ್ನೇ ಬಳಸತಕ್ಕದ್ದು.

ಸತ್ತ ಬ್ಯಾಟರಿಯನ್ನು ಒಡೆಯಬೇಡಿರಿ. ಸೀಸ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಕೊಡಿರಿ.