ತಿಪ್ಪೆಯ ಸಾರವೂ ಬಾವಿಯ ನೀರೂ

ನಮ್ಮ ಶಾಲೆಯಲ್ಲಿ ಆರೋಗ್ಯಶಾಸ್ತ್ರವನ್ನು ಅಭ್ಯಾಸಮಾಡಿದ ವಿದ್ಯಾರ್ಥಿನಿಯರಿಗೆ ನೀರನ್ನು ಕುದಿಸಿ ಕುಡಿಯಬೇಕೆಂಬ ಪಾಠವು ನೆನಪಿರುವುದು. ರೋಗಾಣುಗಳ ವಿಷಯದಲ್ಲಿ ಅದು ಸರಿಯೇ. ಆದರೆ ಕುದಿಸಿದರೂ ಹೋಗದ ಒಂದು ದೋಷವುಂಟು. ಅದು ಅನೇಕ ವೇಳೆ ಕೊಟ್ಟಿಗೆಯ ಬಳಿಯ ತಿಪ್ಪೆಯಿಂದಲೇ ಹುಟ್ಟುತ್ತದೆ. ತಾಯಂದಿರೂ ಪೋಷಕರೂ ಇದನ್ನು ತಿಳಿದಿರುವುದು ಅವಶ್ಯವಾದುದರಿಂದ ಇಲ್ಲಿ ವಿವರಿಸುತ್ತೇವೆ.

ದನಕರುಗಳ ಸೆಗಣಿ ಗಂಜಲಗಳಲ್ಲಿ ಸಾರಜನಕ, ರಂಜಕ ಮೊದಲಾದ ಸಸ್ಯಪೋಷಕ ದ್ರವ್ಯಗಳಿರುತ್ತವೆ. ತಿಪ್ಪೆಯನ್ನು ಬಯಲಿನಲ್ಲಿ ಹಾಗೆಯೇ ಬಿಟ್ಟರೆ ಸಾರಜನಕದ ಒಂದು ಪಾಲು ಅಮೋನಿಯಾ ವಾಯುವಾಗಿ ಹಾರಿಹೋಗುವುದು. ಮತ್ತೊಂದು ಪಾಲು ನೈಟ್ರೇಟ್ ಎಂಬ ಲವಣವಾಗಿ ಮಾರ್ಪಟ್ಟು, ಮಳೆನೀರಿನೊಡನೆ ನೆಲಕ್ಕಿಳಿದು ಬಾವಿಯನ್ನು ಸೇರುವುದು. ರಂಜಕವು ಕೊಚ್ಚಿಹೋಗಿ ಕೆರೆಯನ್ನು ಸೇರಿದರೆ ಪಾಚಿಯು ಹಬ್ಬಿ, ಅದು ಕೊಳೆಯುವಾಗ ನೀರಿನೊಳಗಿನ ಪ್ರಾಣವಾಯುವು ತೀರಿ ಮೀನುಗಳು ಸಾಯುವುವು.

ನೈಟ್ರೇಟು ಬಣ್ಣದಿಂದಾಗಲಿ ವಾಸನೆಯಿಂದಾಗಲಿ ತಿಳಿಯದು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದು. ಮೀರಿದ ನೀರಿನಲ್ಲಿ ಪುಡಿಹಾಲನ್ನು ಕಲಸಿ 6 ತಿಂಗಳೊಳಗಿನ ಕೂಸಿಗೆ ಕುಡಿಸಿದರೆ, ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವುಂಟು. ಬಾವಿಯ ನೀರಿಗೂ ಈ ವ್ಯಾಧಿಗೂ ಇರುವ ಸಂಬಂಧವನ್ನು ಅಮೆರಿಕದ ಅಯೋವ ಪ್ರಾಂತದ ವೈದ್ಯ ಹಂಟರ್ ಕಾಮ್ಲಿಯವರು 1945ರಲ್ಲಿ ಪ್ರಕಟಿಸಿದರು. ಇಂಥ ನೀರನ್ನು ಕುದಿಸಿದಷ್ಟೂ ನೀರು ಆವಿಯಾಗಿ, ಉಳಿದುದರಲ್ಲಿ ನೈಟ್ರೇಟಿನ ಅಂಶವು ಹೆಚ್ಚುವುದೇ ಹೊರತು ಕಡಿಮೆಯಾಗದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ತಿಪ್ಪೆಯು ಬಾವಿಯಿಂದ ದೂರವಾಗಿಯೂ ಬಾವಿಗಿಂತ ತಗ್ಗಿನಲ್ಲಿಯೂ ಇರಬೇಕು. ನೀರಿಳಿಯದಂತೆ ಅದರ ತಳವನ್ನು ಗಟ್ಟಿಮಾಡಿ ಮೇಲೆ ಮಳೆಬೀಳದಂತೆ ಮಾಡು ಹಾಕಬೇಕು.

ಎರಡನೆಯದಾಗಿ, ಸೆಗಣಿಯನ್ನು ಒಣಹುಲ್ಲು ತರಗೆಲೆಗಳೊಡನೆ ಪದರಪದರವಾಗಿ ಒಟ್ಟಿ, ಗಾಳಿಯಾಡುವಂತೆ ಆಗಾಗ ತಿರುವಿಹಾಕಬೇಕು. ಸರ್ ಆಲ್ಬರ್ಟ್ ಹೊವಾರ್ಡರು 1924ರಿಂದ 1931ರವರೆಗೆ ಇಂದೂರಿನಲ್ಲಿದ್ದಾಗ ರೂಪಿಸಿದ ಕ್ರಮವು ಇದೇ. ಹುಲ್ಲಿನ ಇಂಗಾಲವು ಸಾರಜನಕದ 25-30 ಪಾಲಿನಷ್ಟಿದ್ದರೆ ಸೂಕ್ಷ್ಮಜೀವಿಗಳು ಸಾರಜನಕವನ್ನು ತಮ್ಮ ಮೈಯಲ್ಲಿ ಹಿಡಿದಿಟ್ಟುಕೊಳ್ಳುವುವು. ಆದುದರಿಂದ ಅದು ಸುಲಭವಾಗಿ ಸೋರಿಹೋಗದು. ರಾಶಿಯ ಕಾವಿಗೆ ಅನೇಕ ರೋಗಾಣುಗಳೂ ಕಳೆಯ ಬೀಜಗಳೂ ನಾಶವಾಗುವುವು.

ಮೂರನೆಯದಾಗಿ ಗೋಬರ್ ಗ್ಯಾಸಿನ ವಿಚಾರ. ಅದರಿಂದ ಅಡಿಗೆಮನೆಯ ಹೊಗೆಯು ತಪ್ಪುವುದು ನಿಜ. ಆದರೆ ಒಲೆಗೆ ಬರುವುದು ಮುಖ್ಯವಾಗಿ ಮೀಥೇನ್ ವಾಯು ಮಾತ್ರ. ಸಾರಜನಕ ರಂಜಕಗಳು ಬಹುಮಟ್ಟಿಗೆ ಬಗ್ಗಡದಲ್ಲಿಯೇ ಉಳಿಯುತ್ತವೆ. ಆದುದರಿಂದ ಬಗ್ಗಡವನ್ನು ಚರಂಡಿಗೆ ಬಿಡದೆ, ಪೈರಿಗೆ ಬೇಕಾದಷ್ಟನ್ನೇ, ಅದೂ ಜಡಿಮಳೆಯ ಮುನ್ನಾದಿನವಲ್ಲದೆ, ಹೊಲಕ್ಕೆ ಹಾಕತಕ್ಕದ್ದು.

ಬಾವಿಯ ಸಮೀಪದಲ್ಲಿ ತಿಪ್ಪೆಯಿರುವ ಮನೆಯವರು ನೀರನ್ನು ಪರೀಕ್ಷೆ ಮಾಡಿಸಬೇಕೆಂದು ಬಿನ್ನವಿಸುತ್ತೇವೆ. ಎಳೆಯ ಕೂಸಿಗೆ ತಾಯಿಯ ಹಾಲೇ ಶ್ರೇಷ್ಠ. ದೇವರು ನಮ್ಮ ವಶಕ್ಕೊಪ್ಪಿಸಿದ ಭೂಮಿಯ ಸಾರವನ್ನು ಭೂಮಿಗೇ ಹಿಂದಿರುಗಿಸಿ, ನೆರೆಯವರ ನೀರನ್ನು ನಿರ್ಮಲವಾಗಿ ಕಾಯುವುದು ನಮ್ಮ ಮನೆವಾರ್ತೆಯ ಒಂದು ಭಾಗವೇ ಆಗಿರುತ್ತದೆ.